ನಾಯಿಯನ್ನು ಯಾರ ಮನೆಯಲ್ಲಿ ಬಿಡುವುದು?

ಬೇಸಿಗೆ ರಜೆಯೋ ದೀಪಾವಳಿಯೋ ಹತ್ತಿರ ಬಂತೆಂದರೆ ಬಳ್ಳಾರಿಯ ಪಶುವೈದ್ಯರ ಕ್ಲಿನಿಕ್ಕುಗಳಲ್ಲಿ ಜ್ವರ, ಲಸಿಕೆ, ಉಣ್ಣಿ ಕಾಟದ ಮಾತಿನ ನಡುವೆ ಇನ್ನೊಂದು ವಿಚಾರಣೆ ಶುರುವಾಗುತ್ತದೆ. ‘ಎಂಟು ದಿನ ಊರಿಗೆ ಹೋಗ್ತೀವಿ ಡಾಕ್ಟ್ರೇ, ಇದನ್ನ ಯಾರಾದ್ರೂ ಇಟ್ಕೊಂತಾರಾ?’ ಕೇಳುವವರು ಗಾಂಧಿನಗರದ ಮೇಷ್ಟ್ರಾಗಿರಬಹುದು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಎಂಜಿನಿಯರ್ ಆಗಿರಬಹುದು. ದಿನಕ್ಕಿಷ್ಟು ಎಂದು ದುಡ್ಡು ತೆಗೆದುಕೊಂಡು ನಾಯಿ ಇಟ್ಟುಕೊಳ್ಳುವ ಜಾಗಕ್ಕೆ ಒಬ್ಬರು ಬೋರ್ಡಿಂಗ್ ಅನ್ನುತ್ತಾರೆ, ಇನ್ನೊಬ್ಬರು ಹಾಸ್ಟೆಲ್ ಅನ್ನುತ್ತಾರೆ.

ಈ ದಂಧೆ ಹೊಸದು, ಆದರೆ ಅದರ ಹಿಂದಿನ ಪ್ರಶ್ನೆ ಹಳೆಯದು. ಯಜಮಾನ ಊರಲ್ಲಿಲ್ಲದಾಗ ನಾಯಿಗೆ ಯಾರು ಅನ್ನ ಹಾಕಬೇಕು? ಬಳ್ಳಾರಿ, ಸಿರುಗುಪ್ಪ, ಕುರುಗೋಡು ಒಂದೇ ಜಿಲ್ಲೆಯ ಅಕ್ಕಪಕ್ಕದ ಊರುಗಳು. ಆದರೂ ಬೆಟ್ಟದ ಬುಡದ ಕುರುಗೋಡು, ಕಾಲುವೆಯ ಸಿರುಗುಪ್ಪ, ದಂಡಿನ ಬಳ್ಳಾರಿ ಈ ಪ್ರಶ್ನೆಗೆ ತಮ್ಮದೇ ರೀತಿಯ ಉತ್ತರ ಕಂಡುಕೊಂಡಿವೆ. ಮೂರು ಉತ್ತರಗಳಲ್ಲೂ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಾಯಿ ಓಣಿಯದಾಗಿದ್ದಷ್ಟು ಕಾಲ ಅದನ್ನು ಎಲ್ಲಿ ಬಿಡಬೇಕೆಂಬ ಚಿಂತೆ ಯಾರಿಗೂ ಇರಲಿಲ್ಲ. ಅದು ಒಂದು ಮನೆಯದಾದ ಮೇಲೆ ಚಿಂತೆ ಶುರುವಾಯಿತು.

ಪ್ರಾಣಿಗಳನ್ನು ಒಂದೆಡೆ ಕೂಡಿಹಾಕಿ ಕಾಯುವ ವಿದ್ಯೆಯ ಬಹಳ ಹಳೆಯ ಗುರುತುಗಳು ಈ ಸೀಮೆಯಲ್ಲಿವೆ. ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗುವ ದಾರಿಯ ಕುಡಿತಿನಿಯಲ್ಲಿ ಒಂದು ದೊಡ್ಡ ಬೂದಿದಿಬ್ಬ ಇದೆ. ನವಶಿಲಾಯುಗದ ಜನ ದನ ಕೂಡಿಹಾಕುತ್ತಿದ್ದ ದೊಡ್ಡಿಗಳಲ್ಲಿ ಸೆಗಣಿ ಬಿದ್ದು, ಅದಕ್ಕೆ ಬೆಂಕಿ ಹಚ್ಚಿ, ಮತ್ತೆ ಸೆಗಣಿ ಬಿದ್ದು, ಮತ್ತೆ ಸುಟ್ಟು, ತಲೆಮಾರುಗಳ ಕಾಲ ಪದರ ಪದರವಾಗಿ ಬೆಳೆದ ದಿಬ್ಬ ಅದು. ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳ ಬಂಡೆಗಳ ಮೇಲೆ ಅದೇ ಕಾಲದವರು ಕುಟ್ಟಿ ಮೂಡಿಸಿದ ಗೂಳಿಗಳ ಚಿತ್ರಗಳಿವೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡದಲ್ಲಿ 1963–64ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ನಡೆಸಿದಾಗ ಅಲ್ಲಿಯೂ ದನ, ಕುರಿ ಸಾಕಿ ಬದುಕಿದವರ ನೆಲೆ ಸಿಕ್ಕಿತು. ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳಲ್ಲಿ ದನ, ಕುರಿ, ಮೇಕೆಯ ಮೂಳೆಗಳ ಜೊತೆಗೆ ನಾಯಿಯ ಮೂಳೆಯೂ ದೊರೆತಿದೆ. ಹಟ್ಟಿ ಇದ್ದಲ್ಲಿ ನಾಯಿ ಇತ್ತು.

ಕುರುಗೋಡಿನ ಕಡೆ ಈ ನಂಟು ಇಂದಿಗೂ ಹರಿದಿಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸಿಂದರ ರಾಜಧಾನಿಯಾಗಿದ್ದ, ಹಳೆಯ ಗುಡಿಗಳ, ದೊಡ್ಡಬಸವೇಶ್ವರನ ತೇರಿನ ಈ ಊರು ತಾಲ್ಲೂಕು ಕೇಂದ್ರವಾದದ್ದು ತೀರಾ ಇತ್ತೀಚೆಗೆ. ಸುತ್ತಲಿನ ಒಣಬೇಸಾಯದ ಹಳ್ಳಿಗಳಲ್ಲಿ ಬಳ್ಳಾರಿ ತಳಿ ಎಂದೇ ಹೆಸರಾದ ಕುರಿಗಳಿವೆ. ಮೇವು ಮುಗಿದಾಗ ಕುರಿಗಾರರು ಮಂದೆ ಹೊಡೆದುಕೊಂಡು ನೀರಾವರಿ ಊರುಗಳತ್ತ ಹೋಗುತ್ತಾರೆ. ಕೊಯ್ಲಾದ ಗದ್ದೆಯ ಒಡೆಯರು ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬಿಸಿಕೊಂಡು ಪ್ರತಿಯಾಗಿ ಕಾಳನ್ನೋ ಹಣವನ್ನೋ ಕೊಡುತ್ತಾರೆ. ಸಂಜೆ ಬಲೆ ಕಟ್ಟಿ ಕುರಿ ಒಳಗೆ ಹೊಗಿಸಿದ ಮೇಲೆ ನಾಯಿ ಬಲೆಯ ಹೊರಗೆ, ಗಾಳಿ ಬೀಸುವ ಮಗ್ಗುಲಿಗೆ ಮಲಗುತ್ತದೆ. ತೋಳದ ವಾಸನೆ ಬಂದರೆ ಮೊದಲು ಗೊತ್ತಾಗುವುದು ಅದಕ್ಕೆ. ಕಲ್ಲೊಲೆಯ ಮೇಲೆ ಬೆಂದ ಜೋಳದ ರೊಟ್ಟಿಯಲ್ಲಿ ಅದಕ್ಕೊಂದು ಪಾಲು ಇದ್ದೇ ಇರುತ್ತದೆ. ಯಜಮಾನ ತಿಂಗಳುಗಟ್ಟಲೆ ಊರು ಬಿಟ್ಟರೂ ನಾಯಿಯನ್ನು ಎಲ್ಲಿ ಬಿಡಬೇಕೆಂದು ಇಲ್ಲಿ ಯಾರೂ ಕೇಳುವುದಿಲ್ಲ, ಏಕೆಂದರೆ ಅವನ ಜೊತೆ ಮೊದಲು ಹೊರಡುವುದೇ ಅದು.

ಕುರಿ ಕಾಯುವವರ ದೇವರ ಪರಿವಾರದಲ್ಲೂ ನಾಯಿಗೆ ಸ್ಥಾನ ಇದೆ. 2021ರಲ್ಲಿ ವಿಜಯನಗರ ಜಿಲ್ಲೆ ಆಗುವವರೆಗೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಕಾರ್ಣಿಕದ ಜಾತ್ರೆಯ ಹೊತ್ತಿಗೆ ಕಂಬಳಿಯ ನಿಲುವಂಗಿ, ಕರಡಿಕೂದಲ ಟೋಪಿ ತೊಟ್ಟ ಗೊರವರು, ಅಂದರೆ ಮೈಲಾರಲಿಂಗನ ದೀಕ್ಷೆ ಪಡೆದ ಭಕ್ತರು, ಡಮರುಗ ಹಿಡಿದು ಸೇರುತ್ತಾರೆ. ಮಣಿ ಮಲ್ಲಾಸುರರನ್ನು ಕೊಲ್ಲಲು ಮೈಲಾರಲಿಂಗ ಹೊರಟಾಗ ಅವನ ಏಳುಕೋಟಿ ಪರಿವಾರದಲ್ಲಿ ನಾಯಿಗಳೂ ಇದ್ದವೆಂದು ನಂಬಿಕೆ. ಆ ನೆನಪಿಗೆ ಗೊರವರು ನೆಲದ ಮೇಲಿಟ್ಟ ದೋಣಿಗೆ ಭಕ್ತರು ಹಾಲು, ಬಾಳೆಹಣ್ಣು, ಅನ್ನ ಸುರಿಯುತ್ತಾರೆ. ಗೊರವರು ಬೊಗಳುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಬಾಯಿ ಹಾಕಿ ಉಣ್ಣುತ್ತಾರೆ. ಹರಕೆ ಹೊತ್ತ ಮನೆಯವರಿಗೆ ಅದು ದೇವರ ನಾಯಿಗೆ ಉಣಿಸಿದ ಪುಣ್ಯ.

ಗೊರವನನ್ನೂ ನಾಯಿಯನ್ನೂ ಕೂಡಿಸುವ ಇನ್ನೊಂದು ದಾಖಲೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದೆ. ಕಾಲ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನ ವಿರುದ್ಧ ಕಾದಿದ. ಆ ಕದನದಲ್ಲಿ ಮೆರೆದ ಬೂತುಗನ ಕಡೆಯ ವೀರ ಮಣಲೆರನಿಗೆ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ಒಂದು ಕಾಡುಹಂದಿಯ ಮೇಲೆ ಬಿದ್ದಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಈ ಶಾಸನದಲ್ಲಿ ಸ್ವಾರಸ್ಯಕರವಾದದ್ದು ಭೂಮಿಗೆ ಕಟ್ಟಿದ ಷರತ್ತು. ಆ ಭೂಮಿಯನ್ನು ಅನುಭವಿಸುವ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡುವಂತಿಲ್ಲ, ಮಾಡಿದರೆ ನಾಯಿಯ ಪಾಪ ಅವನಿಗೆ ಅಂಟುತ್ತದೆ. ಜವಾಬ್ದಾರಿ ಯಾರದ್ದು, ಪ್ರತಿಫಲ ಏನು, ತಪ್ಪಿದರೆ ದಂಡ ಏನು ಎಂಬ ಮೂರೂ ಒಂದೇ ಕಲ್ಲಿನಲ್ಲಿವೆ. ನಾಯಿ ಸತ್ತ ಮೇಲಿನ ಏರ್ಪಾಡು ಇದು, ಆದರೆ ಬದುಕಿರುವ ನಾಯಿಯನ್ನು ಒಪ್ಪಿಸಿ ಹೋಗುವವರು ಇಂದು ಬರೆಸಿಕೊಳ್ಳಬೇಕಾದ ಕರಾರಿನಲ್ಲೂ ಇರಬೇಕಾದದ್ದು ಈ ಮೂರೇ. ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಜಿಂಕೆಯನ್ನು ಅಟ್ಟಿಸುವ ಬೇಟೆನಾಯಿಗಳು ಕಾಣುತ್ತವೆ. ಅರಮನೆಯ ನಾಯಿಗೆ ಅರಮನೆಯ ಆಳು, ಮಂದೆಯ ನಾಯಿಗೆ ಮಂದೆಯವನು. ಮಿಕ್ಕವೆಲ್ಲ ಓಣಿಯ ನಾಯಿಗಳು. ಒಂದು ಮನೆಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಮಜ್ಜಿಗೆ ಅನ್ನ, ಮದುವೆಮನೆಯಲ್ಲಿ ಎಲೆ ಬಿಸಾಡಿದಾಗ ಹಬ್ಬ. ಒಂದು ಮನೆಯವರು ಶ್ರೀಶೈಲಕ್ಕೋ ಮಂತ್ರಾಲಯಕ್ಕೋ ಹೋದರೆ ಅದಕ್ಕೆ ಒಂದು ಹೊತ್ತಿನ ಊಟ ಕಡಿಮೆ, ಅಷ್ಟೆ.

ಈ ಲೆಕ್ಕ ಬಳ್ಳಾರಿಯಲ್ಲಿ ಮೊದಲು ಬದಲಾದದ್ದು ದಂಡು ಬಂದ ಮೇಲೆ. 1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತಮಂಡಲ ಎಂದು ಹೆಸರಾದ ಈ ಪ್ರದೇಶಕ್ಕೆ ಥಾಮಸ್ ಮನ್ರೋ ಮೊದಲ ಪ್ರಧಾನ ಕಲೆಕ್ಟರನಾದ. ಕೋಟೆಯ ಊರಿನ ಮಗ್ಗುಲಿಗೆ ಕಂಟೋನ್ಮೆಂಟ್ ಎದ್ದಿತು. ಬ್ರೂಸ್‌ಪೇಟೆ, ಕೌಲ್‌ಬಜಾರುಗಳ ಹಿಂದೆ ಇದೇ ದಂಡಿನ ಕಾಲದ ಬೆಳವಣಿಗೆ ಇದೆ. ಬಂಗಲೆಗಳ ಕಾಂಪೌಂಡಿನೊಳಗೆ ಕೊರಳಿಗೆ ಪಟ್ಟಿ ಕಟ್ಟಿದ, ಹೆಸರಿಟ್ಟ, ಒಂದೇ ಮನೆಗೆ ಸೇರಿದ ನಾಯಿಗಳು ಬಂದವು. ಓಣಿಗೆ ಸೇರದ ನಾಯಿಗೆ ಓಣಿ ಅನ್ನ ಹಾಕುವುದಿಲ್ಲ. ಹಾಗಾಗಿ ಸಾಹೇಬರು ಅದಕ್ಕೊಬ್ಬ ಆಳನ್ನು ಇಟ್ಟರು.

ಆ ಆಳಿಗೆ ಅಂದಿನ ಇಂಗ್ಲಿಷ್ ಮನೆಗಳಲ್ಲಿ ಡಾಗ್‌ಬಾಯ್ ಎಂದು ಹೆಸರು. ಬೆಳಿಗ್ಗೆ ಸಂಜೆ ನಾಯಿ ತಿರುಗಾಡಿಸುವುದು, ಮೈ ತೊಳೆಯುವುದು, ಉಣ್ಣಿ ಕೀಳುವುದು, ಅನ್ನ ಬೇಯಿಸಿ ಹಾಕುವುದು ಅವನ ಕೆಲಸ. ಬಂಗಲೆಯ ಆಳುಗಳ ಸಾಲಿನಲ್ಲಿ ಅವನದು ಕೆಳಗಿನ ಮೆಟ್ಟಿಲು, ಹೆಚ್ಚಾಗಿ ಇನ್ನೂ ಮೀಸೆ ಮೂಡದ ಹುಡುಗ. ಉಪ್ಪು ಮತ್ತು ಸುಂಕದ ಇಲಾಖೆಯಲ್ಲಿದ್ದು ಉತ್ತರ ಕನ್ನಡದ ಕರಾವಳಿಯಲ್ಲೂ ಕೆಲಸ ಮಾಡಿದ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್, ಬಂಗಲೆಯ ಆಳುಗಳನ್ನೇ ವಸ್ತುವಾಗಿಸಿ 1889ರಲ್ಲಿ ಹೊರತಂದ ‘ಬಿಹೈಂಡ್ ದ ಬಂಗಲೋ’ ಎಂಬ ನಗೆಬರಹಗಳ ಪುಸ್ತಕದಲ್ಲಿ ಈ ಹುಡುಗನಿಗೊಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ಸಾಹೇಬನ ಕಣ್ಣಿನಿಂದ ಬರೆದದ್ದಾದ್ದರಿಂದ ಹುಡುಗನ ಸಂಬಳ, ಹಸಿವು ಅದರಲ್ಲಿ ಬರೀ ತಮಾಷೆಯ ಸರಕು. ಆದರೂ ದುಡ್ಡಿಗಾಗಿ ಬೇರೆಯವರ ನಾಯಿ ನೋಡಿಕೊಳ್ಳುವುದು ಒಂದು ಕಸುಬಾಗಿತ್ತು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ.

ಬಳ್ಳಾರಿಯ ಬಿಸಿಲು ತಡೆಯದ ಸಿಪಾಯಿಗಳಿಗೂ ಅಧಿಕಾರಿಗಳಿಗೂ ಸಂಡೂರು ಸಂಸ್ಥಾನದ ರಾಮನದುರ್ಗ ಆರೋಗ್ಯಧಾಮವಾಯಿತು. 19ನೇ ಶತಮಾನದ ನಡುಭಾಗದಿಂದ ಬೇಸಿಗೆಯಲ್ಲಿ ದಂಡಿನ ಒಂದು ಭಾಗ ಬೆಟ್ಟ ಹತ್ತುತ್ತಿತ್ತು. ಬಂಗಲೆಗೆ ಬೀಗ ಬಿದ್ದಾಗ ನಾಯಿಯ ಪಾಡು ಆಳುಗಳ ಕೈಯಲ್ಲಿ. ಇಂದು ರಜೆಯಲ್ಲಿ ಊರಿಗೆ ಹೋಗುವ ಮನೆಯವರ ಪರಿಸ್ಥಿತಿಗೂ ಇದಕ್ಕೂ ಒಂದೇ ವ್ಯತ್ಯಾಸ: ಆಗ ಆಳು ಕಾಂಪೌಂಡಿನ ಹಿಂದೆಯೇ ವಾಸವಿದ್ದ, ಈಗ ಇಲ್ಲ.

ರೈಲು ಬಂದ ಮೇಲೆ ನಾಯಿಯನ್ನು ಜೊತೆಗೇ ಒಯ್ಯುವ ಇನ್ನೊಂದು ದಾರಿ ತೆರೆಯಿತು. ಗಾರ್ಡಿನ ಡಬ್ಬಿಯಲ್ಲಿ ನಾಯಿಗೆಂದೇ ಗೂಡು ಮಾಡಿ, ತೂಕ ನೋಡಿ ಚೀಟಿ ಹರಿದು ಸಾಗಿಸುವ ಪದ್ಧತಿ ಇಂದಿಗೂ ರೈಲ್ವೆಯಲ್ಲಿದೆ. ಕಬ್ಬಿಣದ ತಗಡಿನ ಆ ಗೂಡಿನಲ್ಲಿ ದೊಡ್ಡ ತಳಿಯ ನಾಯಿ ತಿರುಗಿ ಮಲಗುವುದೂ ಕಷ್ಟ. ಏಪ್ರಿಲಿನಲ್ಲಿ ಗುಂತಕಲ್ಲಿನ ಕಡೆಯಿಂದ ಬರುವ ಮಧ್ಯಾಹ್ನದ ಗಾಡಿಯಲ್ಲಿ ಅದು ಕಾದ ಹೆಂಚೇ ಸರಿ. ಬೇಡವೆಂದರೆ ಫಸ್ಟ್ ಕ್ಲಾಸಿನ ಕೂಪೆಯನ್ನು ಪೂರ್ತಿ ನಮ್ಮದೇ ಮಾಡಿಕೊಂಡು ಕೂಡಬೇಕು. ಇಬ್ಬರು ಮೂವರ ಸಂಸಾರಕ್ಕೆ ಅದು ಕೈಗೆಟುಕುವ ಮಾತಲ್ಲ. ನಾಯಿ ಹಾಸ್ಟೆಲುಗಳ ಗಿರಾಕಿಗಳು ಹೆಚ್ಚಲು ಇದೂ ಒಂದು ಕಾರಣ.

ಮನೆಯ ನಾಯಿಗೂ ಬೀದಿಯ ನಾಯಿಗೂ ನಡುವಿನ ಗೆರೆಯನ್ನು ದಪ್ಪ ಮಾಡಿದ್ದು ಹುಚ್ಚುನಾಯಿಯ ಭಯ. 1900ರಲ್ಲಿ ಹಿಮಾಲಯದ ಕಸೌಲಿಯಲ್ಲಿ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಶುರುವಾದವು. ಮದ್ರಾಸ್ ಪ್ರಾಂತ್ಯದ ಜಿಲ್ಲೆಯಾಗಿದ್ದ ಬಳ್ಳಾರಿಯವರಿಗೆ ಹತ್ತಿರದ್ದೆಂದರೆ ಗಾಡಿ ಬದಲಿಸುತ್ತ, ಬೆಟ್ಟದ ರೈಲು ಹತ್ತಿ ತಲುಪಬೇಕಾದ ಕೂನೂರು. ಡೇವಿಡ್ ಸೆಂಪಲ್ 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ ಲಸಿಕೆ ಮುಂದೆ ಊರೂರಿನ ಆಸ್ಪತ್ರೆಗೂ ಬಂತು. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂದು ಹಳಬರು ಇವತ್ತಿಗೂ ಹೊಟ್ಟೆ ಮುಟ್ಟಿಕೊಂಡು ಹೇಳುವುದು ಅದನ್ನೇ. ಭಾರತದಲ್ಲಿ ಅದರ ಬಳಕೆ ನಿಂತದ್ದು ಈ ಶತಮಾನದ ಮೊದಲ ದಶಕದಲ್ಲಿ. ಪುರಸಭೆಗಳು ಪಟ್ಟಿಯಿಲ್ಲದ ನಾಯಿಗಳನ್ನು ಹಿಡಿದು ಕೊಲ್ಲುತ್ತಿದ್ದ ಕಾಲದಲ್ಲಿ ಕೊರಳ ಪಟ್ಟಿಯೇ ನಾಯಿಯ ಜೀವಕ್ಕೆ ಆಧಾರ. ಮನೆಯವರು ಊರಿಗೆ ಹೋದಾಗ ಕಟ್ಟು ಬಿಚ್ಚಿಕೊಂಡು ಬೀದಿಗೆ ಬಂದ ನಾಯಿ ಮರಳಿ ಸಿಗುವ ಭರವಸೆ ಇರಲಿಲ್ಲ.

ಕಾನೂನಿನ ದನಿ ಬದಲಾದದ್ದು ಸ್ವಾತಂತ್ರ್ಯದ ನಂತರ. ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಫಲವಾಗಿ ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರಲ್ಲಿ ಬಂತು. ಅದರ 11ನೇ ಕಲಮು ಸಾಕಿದ ಪ್ರಾಣಿಗೆ ಸಾಕಷ್ಟು ಅನ್ನ, ನೀರು, ನೆರಳು ಕೊಡದಿರುವುದನ್ನೂ, ಸದಾ ಸರಪಳಿಯಲ್ಲೋ ಗೂಡಿನಲ್ಲೋ ಇರುವ ನಾಯಿಗೆ ಅಡ್ಡಾಡಲು ಬಿಡದಿರುವುದನ್ನೂ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆದುಹೋಗುವುದನ್ನೂ ಅಪರಾಧ ಎನ್ನುತ್ತದೆ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಬಳ್ಳಾರಿಯ ಹೋಟೆಲಿನಲ್ಲಿ ಒಂದು ಪ್ಲೇಟ್ ದೋಸೆಗೂ ಇಂದು ಆ ದುಡ್ಡು ಸಾಲದೇ ಹೋಗಬಹುದು, ಮೊತ್ತ ಮಾತ್ರ 1960ರದ್ದೇ.

ಸಿರುಗುಪ್ಪದ ಕಥೆ ಬೇರೆ. ತುಂಗಭದ್ರೆಯ ದಂಡೆಯ ಈ ಊರಿಗೆ ವಿಜಯನಗರ ಕಾಲದ ಕಾಲುವೆಗಳ ನೀರು ಮೊದಲೇ ಇತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟದ್ದೂ, ಅದೇ ವರ್ಷ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೆ ಬಿಟ್ಟು ಸಿರುಗುಪ್ಪವೂ ಸೇರಿ ಉಳಿದ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದದ್ದೂ ಇಲ್ಲಿಯ ಬದುಕನ್ನು ತಿರುಗಿಸಿದವು. ಭತ್ತ ಬಂತು, ಭತ್ತದ ಹಿಂದೆ ರೈಸ್‌ಮಿಲ್ಲುಗಳು ಬಂದವು. ಮಿಲ್ಲಿನ ಅಂಗಳದ ನಾಯಿಗೆ ಮಾಲೀಕ ಊರಲ್ಲಿದ್ದರೂ ಇಲ್ಲದಿದ್ದರೂ ಒಂದೇ. ಅನ್ನ ಹಾಕುವವನು ಅಲ್ಲೇ ಮಲಗುವ ವಾಚ್‌ಮನ್. ಚೀಲದ ರಾಶಿಯ ಪಕ್ಕದಲ್ಲಿ ಅವನಿಗೂ ನಾಯಿಗೂ ಒಂದೇ ಪಾಳಿ.

ಕಾಲುವೆ ಮುಟ್ಟದ ಹಳ್ಳಿಗಳಲ್ಲಿ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುತ್ತಾರೆ. ಕೆಲವರು ನಾಟಿ ಕೆಲಸಕ್ಕೆ ನೀರಾವರಿ ಊರುಗಳಿಗೆ, ಹಲವರು ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ. ಗಂಡ ಹೆಂಡತಿ ಹೊರಟರೆ ಮನೆಯಲ್ಲಿ ಉಳಿಯುವವರು ಮುದುಕರು, ಶಾಲೆಗೆ ಹೋಗುವ ಮಕ್ಕಳು ಮತ್ತು ನಾಯಿ. ಮುದುಕರೂ ಇಲ್ಲದ ಮನೆಯಾದರೆ ಪಕ್ಕದ ಮನೆಯಾಕೆಗೆ ಒಂದು ಮಾತು: ‘ಯಕ್ಕಾ, ಮನೀ ಕಡೆ ಒಂದು ಕಣ್ಣಿಡು, ನಾಯಿಗೆ ಒಂದು ರೊಟ್ಟಿ ಹಾಕು.’ ಇದಕ್ಕೆ ಬಾಡಿಗೆಯಿಲ್ಲ, ರಸೀದಿಯಿಲ್ಲ. ಋಣ ತೀರುವುದು ಆಕೆಯ ಮನೆಯವರು ಊರಿಗೆ ಹೋದಾಗ, ಇಲ್ಲವೇ ಬೆಂಗಳೂರಿನಿಂದ ಬರುವಾಗ ಆಕೆಯ ಮಕ್ಕಳಿಗೆ ತರುವ ಬಟ್ಟೆಯಲ್ಲಿ.

ನಗರದಲ್ಲಿ ಕೆಲಸ ಮಾಡದಿರುವುದು ಈ ವ್ಯವಸ್ಥೆಯೇ. 1990ರ ದಶಕದಲ್ಲಿ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆ ಎದ್ದಿತು. ದೇಶದ ನಾನಾ ಮೂಲೆಯ ಸಂಸಾರಗಳು ಅಲ್ಲಿನ ಕ್ವಾರ್ಟರ್ಸಿಗೆ ಬಂದವು. ಅವರಿಗೆ ಇಲ್ಲಿ ಅತ್ತೆಮನೆಯಿಲ್ಲ, ಸೋದರಮಾವನಿಲ್ಲ. ಹಬ್ಬಕ್ಕೆ ಊರಿಗೆ ಹೋಗುವಾಗ ಪಕ್ಕದ ಕ್ವಾರ್ಟರ್ಸಿನವರೂ ತಮ್ಮ ಊರಿಗೆ ಹೊರಟಿರುತ್ತಾರೆ. 2000ದ ನಂತರ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಬಳ್ಳಾರಿಗೆ ಹರಿದ ಹಣ, 2011ರಲ್ಲಿ ಲೋಕಾಯುಕ್ತ ವರದಿಯೂ ಸುಪ್ರೀಂ ಕೋರ್ಟಿನ ಗಣಿ ನಿಷೇಧವೂ ಬರುವ ಹೊತ್ತಿಗೆ ನಗರದ ಮನೆಗಳ ರೂಪವನ್ನು ಬದಲಿಸಿಯಾಗಿತ್ತು. ಎತ್ತರದ ಗೋಡೆ, ಕಬ್ಬಿಣದ ಗೇಟು, ಗೇಟಿನ ಹಿಂದೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್. ಇವುಗಳ ಊಟ, ಔಷಧ, ತೂಕ ಎಲ್ಲಕ್ಕೂ ಲೆಕ್ಕವಿದೆ. ಅಪರಿಚಿತರನ್ನು ಕಂಡರೆ ಎಗರುವಂತೆ ಬೆಳೆಸಿದ ನಾಯಿಗೆ ಪಕ್ಕದ ಮನೆಯಾಕೆ ರೊಟ್ಟಿ ಹಾಕುವುದಾದರೂ ಹೇಗೆ?

ಹೀಗೆ ದುಡ್ಡಿನ ವ್ಯವಸ್ಥೆಗೆ ದಾರಿಯಾಯಿತು. ಇಂಥ ಊರುಗಳಲ್ಲಿ ಅದು ಸಾಮಾನ್ಯವಾಗಿ ಮೂರು ರೂಪದಲ್ಲಿ ಸಿಗುತ್ತದೆ: ಕ್ಲಿನಿಕ್ಕಿನ ಹಿಂದಿನ ಪಂಜರಗಳು, ಊರ ಹೊರಗಿನ ತೋಟದಲ್ಲಿ ಕಟ್ಟಿದ ಕೆನಲ್, ನಾಯಿ ಸಾಕಿದವರೇ ತಮ್ಮ ಮನೆಯಲ್ಲಿ ಒಂದೆರಡನ್ನು ಇಟ್ಟುಕೊಳ್ಳುವ ಏರ್ಪಾಡು. ಕ್ಲಿನಿಕ್ಕಿನಲ್ಲಿ ವೈದ್ಯರು ಹತ್ತಿರ, ಆದರೆ ಕಾಯಿಲೆಯ ನಾಯಿಗಳೂ ಹತ್ತಿರ. ತೋಟದಲ್ಲಿ ಜಾಗ ಧಾರಾಳ, ವೈದ್ಯರು ದೂರ. ಮನೆಯಲ್ಲಿ ಅಕ್ಕರೆ ಹೆಚ್ಚು, ಜಗಳವಾದರೆ ಬೇರೆ ಮಾಡಲು ಕೋಣೆ ಕಡಿಮೆ.

ಬೇರೆ ದೇಶಗಳು ಈ ಹಂತವನ್ನು ಮೊದಲೇ ದಾಟಿವೆ. ಬ್ರಿಟನ್ 1963ರಲ್ಲೇ ಪ್ರಾಣಿಗಳ ಬೋರ್ಡಿಂಗ್ ಮನೆಗಳಿಗೆಂದು ಪ್ರತ್ಯೇಕ ಕಾಯ್ದೆ ತಂದು, ಸ್ಥಳೀಯ ಸಂಸ್ಥೆಯ ಲೈಸೆನ್ಸ್ ಇಲ್ಲದೆ ಯಾರೂ ಅದನ್ನು ನಡೆಸಬಾರದೆಂದಿತು. ಲೈಸೆನ್ಸ್ ಕೊಡುವ ಮುನ್ನ ನೋಡಬೇಕಾದ ಐದು ಸಂಗತಿ ಅದರಲ್ಲಿದ್ದವು: ವಾಸದ ಜಾಗ, ಅದರ ಶಾಖ, ಗಾಳಿ, ಬೆಳಕು; ಊಟ, ನೀರು, ಹಾಸು, ಅಡ್ಡಾಟ; ಅಂಟುರೋಗದ ತಡೆ; ಬೆಂಕಿ ಬಿದ್ದರೆ ಪ್ರಾಣಿಗಳನ್ನು ಹೊರತರುವ ವ್ಯವಸ್ಥೆ; ಬಂದ ದಿನ, ಹೋದ ದಿನ, ಯಜಮಾನನ ಹೆಸರು ವಿಳಾಸ ಬರೆಯುವ ದಾಖಲೆ ಪುಸ್ತಕ. ಭಾರತದಲ್ಲಿ 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ತಳಿಗಾರ ಎಂಬ ವ್ಯಾಖ್ಯೆಯೊಳಗೆ ಬೋರ್ಡಿಂಗ್ ಕೆನಲ್ ನಡೆಸುವವರನ್ನೂ ಸೇರಿಸಿ, ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕೆಂದು ಹೇಳುತ್ತವೆ. ಆದ್ದರಿಂದ ಬಳ್ಳಾರಿಯಲ್ಲಿ ನಾಯಿ ಬಿಡಲು ಹೋದವರು ನೋಂದಣಿ ಪತ್ರ ಕೇಳುವುದು ದರ್ಪವಲ್ಲ, ಹಕ್ಕು.

ಪತ್ರ ನೋಡಿದ ಮೇಲೆ ಜಾಗ ನೋಡಬೇಕು. 1963ರ ಆ ಐದನ್ನೇ ಬಳ್ಳಾರಿಯ ಬಿಸಿಲಿಗೆ ಹೊಂದಿಸಿಕೊಂಡರೆ ಸಾಕು. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ ಪಾದರಸ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕುತ್ತಲೇ ಮೈ ತಂಪು ಮಾಡಿಕೊಳ್ಳಬೇಕು. ಅದರ ಸಹಜ ಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 106 ಮುಟ್ಟಿದರೆ ಜೀವಕ್ಕೇ ಅಪಾಯ. ಚಪ್ಪಟೆ ಮೂತಿಯ ಪಗ್, ದಪ್ಪ ಕೂದಲಿನ ಹಸ್ಕಿಗೆ ಅಪಾಯ ಇನ್ನೂ ಬೇಗ. ಹಾಗಾಗಿ ಬೆಳಿಗ್ಗೆ ತಂಪಿನಲ್ಲಿ ಹೋಗಿ ನೋಡಿ ಬರುವುದು ವ್ಯರ್ಥ, ಮಧ್ಯಾಹ್ನ ಎರಡು ಗಂಟೆಗೆ ಹೋಗಬೇಕು. ಮೇಲೆ ಬರೀ ತಗಡಿನ ಶೀಟಿದ್ದರೆ ಅದರ ಕೆಳಗೆ ಐದು ನಿಮಿಷ ತಾವೇ ನಿಲ್ಲಬೇಕು. ಕರೆಂಟು ಹೋದರೆ ಫ್ಯಾನಿಗೆ ಏನು ಗತಿ ಎಂದು ಕೇಳಬೇಕು.

ಆಮೇಲೆ ಗೋಡೆ. ನಾಯಿಯ ಕಂದು ಉಣ್ಣಿ ನಾಯಿಯ ಮೈಮೇಲೆ ರಕ್ತ ಹೀರಿ, ಮೊಟ್ಟೆ ಇಡಲು ಇಳಿಯುವುದು ಗೋಡೆಯ ಬಿರುಕಿಗೆ. ಒಂದೊಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಟಾರ್ಚು ಹಾಕಿ ಮೂಲೆ, ಬಾಗಿಲ ಚೌಕಟ್ಟಿನ ಸಂದಿ ನೋಡಿದರೆ ಹುರಳಿಕಾಳಿನಂತೆ ಕಾಣುವ ಉಬ್ಬಿದ ಉಣ್ಣಿಗಳೂ, ಎಳ್ಳಿನಷ್ಟಿರುವ ಮರಿಗಳೂ ಸಿಕ್ಕಿಬೀಳುತ್ತವೆ. ಎರ್ಲಿಕಿಯಾ ಎಂಬ ಉಣ್ಣಿಜ್ವರ ಹರಡುವುದು ಇವುಗಳಿಂದಲೇ. ನಾಯಿ ಮನೆಗೆ ಬಂದು ಒಂದೆರಡು ವಾರದ ಮೇಲೆ ಊಟ ಬಿಟ್ಟು ಮಂಕಾದರೆ ಊರಿನ ಗಾಳಿ ನೀರಿಗೆ ದೂರು ಹೇಳುವ ಮೊದಲು ರಕ್ತಪರೀಕ್ಷೆ ಮಾಡಿಸಬೇಕು.

ಸಿರುಗುಪ್ಪದ ಕಡೆಯಾದರೆ ಎಚ್ಚರಿಕೆ ಬೇರೆ. ಗದ್ದೆ, ಕಾಲುವೆ, ಮಿಲ್ಲು ಇರುವಲ್ಲಿ ಇಲಿ ಇರುತ್ತದೆ. ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ನೀರಿನ ಬಟ್ಟಲು ದಿನಾ ತೊಳೆಯುತ್ತಾರೋ, ಆಹಾರದ ಡಬ್ಬಕ್ಕೆ ಮುಚ್ಚಳ ಇದೆಯೋ ಎಂದು ನೋಡುವುದು ಅಲ್ಲಿ ಮೊದಲ ಕೆಲಸ. ಇನ್ನು ಪಾರ್ವೊ. 1970ರ ದಶಕದ ಕೊನೆಯಲ್ಲಿ ಜಗತ್ತಿನಾದ್ಯಂತ ಒಮ್ಮೆಲೇ ಕಾಣಿಸಿಕೊಂಡ ಈ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಸಾಯದೆ ಇರುತ್ತದೆ. ಲಸಿಕೆ ಪೂರ್ತಿಯಾಗದ ಮರಿಯನ್ನು ಎಷ್ಟೇ ಒಳ್ಳೆಯ ಜಾಗದಲ್ಲೂ ಬಿಡುವಂತಿಲ್ಲ. ಬರುವ ಪ್ರತಿ ನಾಯಿಯ ಲಸಿಕೆ ಕಾರ್ಡು ಕೇಳುವ ಹಾಸ್ಟೆಲೇ ನಂಬಿಕೆಗೆ ಅರ್ಹ. ‘ಅದೆಲ್ಲ ಬೇಡ ಬಿಡ್ರಿ ಸರ್’ ಅನ್ನುವವರು ಪಕ್ಕದ ಗೂಡಿನ ನಾಯಿಗೂ ಹಾಗೇ ಅಂದಿರುತ್ತಾರೆ.

ತಳಿಯ ತಕರಾರೂ ಇದೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳ ಮಾರಾಟ, ಸಂವರ್ಧನೆ ನಿಷೇಧಿಸುವಂತೆ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ರದ್ದು ಮಾಡಿತು. ಆದರೂ ಈ ತಳಿಗಳನ್ನು ಒಳಗೆ ಬಿಟ್ಟುಕೊಳ್ಳುವುದು ನಡೆಸುವವರ ಇಷ್ಟ. ರಜೆಯ ಹಿಂದಿನ ದಿನ ಬಾಗಿಲಿಗೆ ಹೋಗಿ ಇಲ್ಲವೆನಿಸಿಕೊಳ್ಳುವ ಬದಲು ಮೊದಲೇ ಕೇಳಿ, ಒಂದು ರಾತ್ರಿ ಬಿಟ್ಟು ನೋಡುವುದು ಲೇಸು. ಆ ರಾತ್ರಿ ಅಲ್ಲಿ ಮಲಗುವ ಮನುಷ್ಯ ಯಾರು ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಬೋರ್ಡು, ಕ್ಯಾಮೆರಾ, ಫೋಟೊ ಕಳಿಸುವ ಮೊಬೈಲು ಎಲ್ಲ ಮಾಲೀಕರದ್ದು. ನಾಯಿಗೆ ಸಿಗುವುದು ಆ ಕೆಲಸದವನ ಕೈ ಮಾತ್ರ. ಬಂಗಲೆಯ ಕಾಲದ ಹುಡುಗನ ಜಾಗದಲ್ಲಿ ಈಗ ಅವನಿದ್ದಾನೆ. ಅವನಿಗೆ ಎಷ್ಟು ನಾಯಿಗಳ ಹೊರೆ ಹೊರಿಸಿದ್ದಾರೆ, ಕಡಿತಕ್ಕೆ ಮುಂಚಿನ ರೇಬಿಸ್ ಲಸಿಕೆ ಅವನಿಗೆ ಹಾಕಿಸಿದ್ದಾರೆಯೇ ಎಂದು ಕೇಳಿದರೆ ಆ ಜಾಗದ ಬಗ್ಗೆ ಗೊತ್ತಾಗಬೇಕಾದ ಅರ್ಧ ಗೊತ್ತಾಗುತ್ತದೆ.

ಕುರುಗೋಡು, ಸಿರುಗುಪ್ಪದ ಬಹುತೇಕ ಮನೆಗಳಿಗೆ ಈ ಓಡಾಟ ಇನ್ನೂ ಬಂದಿಲ್ಲ, ಪಕ್ಕದ ಮನೆಯ ಯಕ್ಕ ಇದ್ದಾಳೆ. ಬಂದಿರುವ ಬದಲಾವಣೆ ಎಂದರೆ ಅವಳ ಕೈಗೆ ಒಪ್ಪಿಸುವ ನಾಯಿಯೂ ಈಗ ಹೆಚ್ಚಾಗಿ ಒಂದೇ ಮನೆಯದು. ಕೆಲವೆಡೆ ಅದಕ್ಕೂ ಮಾತ್ರೆಯಿದೆ, ಪ್ಯಾಕೆಟ್ಟಿನ ಆಹಾರವಿದೆ. ಶ್ರೀಶೈಲಕ್ಕೆ ಹೊರಡುವವರು ಬೀಗದ ಕೈ ಕೊಡುವಾಗ ಲಸಿಕೆ ಕಾರ್ಡು, ಡಾಕ್ಟರ ನಂಬರು, ಆಸ್ಪತ್ರೆಯ ಖರ್ಚಿಗೆ ಒಂದಿಷ್ಟು ದುಡ್ಡನ್ನೂ ಅವಳ ಕೈಯಲ್ಲಿಟ್ಟು ಹೋಗಬೇಕು. ನಾಯಿಗೆ ಏನಾದರೂ ಆದರೆ ತಮ್ಮನ್ನು ಕಾಯದೆ ಚಿಕಿತ್ಸೆ ಕೊಡಿಸಬಹುದೆಂದು ಬಾಯಿಬಿಟ್ಟು ಹೇಳಬೇಕು. ಹಾಸ್ಟೆಲಿನಲ್ಲಾದರೆ ಅದನ್ನೇ ಬರೆದು ಸಹಿ ಹಾಕಿ ಕೊಡಬೇಕು.